ಬಾಗಿಲ ತನಕ ಲಾಂಜೊ

“ಸವರ್‌ವುಡ್ ಕೌಂಟಿಯಲ್ಲಿ ನನಗಿಂತ ಜಾಸ್ತಿ ಚುನಾವಣೆ ಕಂಡೋನು ಯಾರಾದ್ರೂ ಇದ್ರೆ ಅವನನ್ನ ಸಮಾಧಿಯಿಂದ ಎಬ್ಬಿಸಿ ಕರ್ಕೊಂಡು ಬನ್ನಿ. ಮುಖಾಮುಖಿ ಮಾತಾಡ್ತೀನಿ!”

ಪೆಟ್ರೋಲ್ ಬಂಕಿನ ಪಕ್ಕದ ಪುಟ್ಟ ಹೋಟೆಲಿನಲ್ಲಿ, ಬಿಸಿ ಬನ್ನಿನ ಮೇಲೆ ಗಟ್ಟಿ ಬಿಳಿ ಗ್ರೇವಿ ಸುರಿದುಕೊಳ್ಳುತ್ತ ಲಾಂಜೊ ಕಾಗ್ಡಿಲ್ ಆಡುತ್ತಿದ್ದ ಮಾತಿದು. ಎದುರು ವಾದಿಸುವ ಧೈರ್ಯ ಯಾರಿಗೂ ಇರಲಿಲ್ಲ. ವಾದಿಸಿದವರು ಮುಂದಿನ ಚುನಾವಣೆಗೆ ನಡೆದುಕೊಂಡೇ ಹೋಗಬೇಕಾಗುತ್ತಿತ್ತು.

ಚುನಾವಣೆ ಬಂತೆಂದರೆ ಮಡ್‌ಲಿಕ್ ಕಣಿವೆಯ ಮುದುಕರು, ಮುದುಕಿಯರು, ಮಂಡಿ ಹಿಡಿದುಕೊಂಡವರು, ಕಣ್ಣು ಮಂಜಾದವರು, ಕಾರಿದ್ದೂ ಲೈಸೆನ್ಸ್ ಕಳೆದುಕೊಂಡವರು, ಎಲ್ಲರೂ ಮತಗಟ್ಟೆ ಸೇರುತ್ತಿದ್ದದ್ದು ಲಾಂಜೊನ ಪಿಕಪ್ ಟ್ರಕ್ಕಿನಲ್ಲಿ. ಆ ಟ್ರಕ್ಕಿನ ವಯಸ್ಸು ಇಂಥದ್ದೆಂದು ಹೇಳಬಲ್ಲವರಿಲ್ಲ. ನಮ್ಮ ಬೆಟ್ಟಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗ ಅದಕ್ಕೆ ಹೊಸ ಬಣ್ಣ ಹೊಡೆದಿದ್ದರಂತೆ. ಕಣಿವೆಯ ರಸ್ತೆಯೋ, ಅದರ ತಿರುವು ಎಂಥದ್ದೆಂದರೆ ಮುಂದೆ ಕೂತವನು ಕಿಟಕಿಯಿಂದ ಇಣುಕಿದರೆ ಟ್ರಕ್ಕಿನ ಹಿಂಭಾಗದಲ್ಲಿ ಕೂತವನು ಎದುರಿಗೇ ಕಾಣುತ್ತಾನೆ. ಇಬ್ಬರೂ ಟೋಪಿ ಎತ್ತಿ ಕುಶಲ ಕೇಳಿಕೊಳ್ಳುತ್ತಾರೆ. ಓಟು ಹಾಕಿ ಬಂದವರಿಗೆ ಮತಗಟ್ಟೆಯಲ್ಲಿ “ನಾನು ಓಟು ಹಾಕಿದೆ” ಎಂದು ಬರೆದ ಒಂದು ದುಂಡನೆಯ ಚೀಟಿ ಕೊಡುತ್ತಾರೆ, ಅಂಗಿಗೆ ಅಂಟಿಸಿಕೊಳ್ಳಲು. ಲಾಂಜೊನ ಪ್ರಯಾಣಿಕರು ಮನೆ ಮುಂದೆ ಇಳಿಯುವಾಗ ಅದನ್ನು ಕಿತ್ತು ಟ್ರಕ್ಕಿನ ಡ್ಯಾಶ್‌ಬೋರ್ಡಿಗೆ ಅಂಟಿಸುತ್ತಿದ್ದರು. ಅದೇ ಬಾಡಿಗೆ. ಅಂಟಿಸಿದ್ದರ ಮೇಲೆ ಅಂಟಿಸಿ, ಬಿಸಿಲಿಗೆ ಬಿಳಿಚಿ, ಆ ಪದರ ಎಷ್ಟು ದಪ್ಪವಾಗಿತ್ತೆಂದರೆ ಟ್ರಕ್ಕು ಬಂಡೆಗೆ ಗುದ್ದಿದರೆ ಬಂಡೆಗೇ ಪೆಟ್ಟು.

ಇಷ್ಟೆಲ್ಲದರ ನಡುವೆ ಒಂದೇ ಒಂದು ಸಣ್ಣ ಕೊರತೆ. ಇಷ್ಟು ಚುನಾವಣೆ ಕಂಡ ಲಾಂಜೊ ತನ್ನ ಜನ್ಮದಲ್ಲಿ ಒಂದು ಓಟನ್ನೂ ಹಾಕಿರಲಿಲ್ಲ.

ಅವನ ಕಾಲು ಮತಗಟ್ಟೆಯ ಬಾಗಿಲ ತನಕ ಹೋಗಿತ್ತು. ಹೊಸ್ತಿಲು ದಾಟಿರಲಿಲ್ಲ. ಮುದುಕಿಯರ ಕೈಹಿಡಿದು ಬಾಗಿಲಿಗೆ ಮುಟ್ಟಿಸಿ, ಒಳಗಿನವರಿಗೆ ಒಪ್ಪಿಸಿ ವಾಪಸ್ಸು ಬಂದುಬಿಡುತ್ತಿದ್ದ. ಕಣಿವೆಯ ಶಾಲೆಯ ಮತಗಟ್ಟೆಯಲ್ಲಿ ಯಾರಾದರೂ “ನಿಮ್ಮದು ಆಯ್ತಾ ಮಾಮ?” ಎಂದರೆ, “ಕೋರ್ಟಿನ ಕಟ್ಟಡದಲ್ಲಿ ಹೋದ ವಾರವೇ ಮುಂಗಡ ಓಟು ಹಾಕಿಬಿಟ್ಟೆ” ಎನ್ನುತ್ತಿದ್ದ. ಪಟ್ಟಣದ ಕೋರ್ಟಿನ ಕಟ್ಟಡದಲ್ಲಿ ಕೇಳಿದರೆ, “ನಮ್ಮ ಶಾಲೇಲೇ ಹಾಕ್ತೀನಮ್ಮ, ಊರ ಮಣ್ಣು ಬಿಡೋಕಾಗುತ್ತಾ?” ಹೀಗೆ ಎರಡು ಮತಗಟ್ಟೆಗಳ ನಡುವೆ ಸುಳ್ಳಿನ ಉಯ್ಯಾಲೆ ಕಟ್ಟಿಕೊಂಡು, ಯೌವನದಿಂದ ಮುಪ್ಪಿನವರೆಗೆ ತೂಗಿಬಿಟ್ಟಿದ್ದ.

ಕಾರಣ ಇತ್ತು. ಕಾರಣದ ಹೆಸರು ಹೋಬರ್ಟ್ ಪೆನ್ಲಂಡ್.

ಪೆನ್ಲಂಡ್ ಆಗ ಕೌಂಟಿಯ ಶೆರಿಫ್. ಇಡೀ ಜಿಲ್ಲೆಯ ಪೊಲೀಸರಿಗೆಲ್ಲ ಹಿರಿಯ, ಆದರೆ ಜನರ ಓಟಿನಿಂದ ಕುರ್ಚಿ ಹಿಡಿದವನು. ಅವನ ಗಂಟಲಿನ ಬಗ್ಗೆ ಒಂದು ಮಾತು: ಅವನು ಗದರಿದರೆ ಪಕ್ಕದ ಕೌಂಟಿಯಲ್ಲಿ ಸೇಬು ಉದುರುತ್ತಿತ್ತು, ಆ ಕಡೆಯವರು ಬುಟ್ಟಿ ಹಿಡಿದುಕೊಂಡು ಕಾಯುತ್ತಿದ್ದರು. ಲಾಂಜೊಗೆ ಆಗ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಬೆಟ್ಟದಾಚೆಯ ಚರ್ಚಿನಲ್ಲಿ ಸಂಜೆಯ ಸಹಭೋಜನ. ಅಲ್ಲಿಗೆ ಅವನು ಮನಸ್ಸಿಟ್ಟಿದ್ದ ಆರ್ವೆಲಾ ಬರುವವಳಿದ್ದಳು. ಲಾಂಜೊನ ಹತ್ತಿರ ಗಾಡಿ ಇರಲಿಲ್ಲ. ಶೆರಿಫನ ಕಾರು ಕ್ಷೌರದಂಗಡಿಯ ಮುಂದೆ ನಿಂತಿತ್ತು. ಶೆರಿಫನ ಕಾರನ್ನು ಯಾವ ಗಂಡುಗಲಿ ಮುಟ್ಟುತ್ತಾನೆಂದು ಅವನು ಕೀಲಿಯನ್ನು ಅದರಲ್ಲೇ ಬಿಟ್ಟಿದ್ದ. ಲಾಂಜೊ ಮುಟ್ಟಿದ. ಮುಟ್ಟಿದ್ದಷ್ಟೇ ಅಲ್ಲ, ಸೈರನ್ ಹಾಕಿಕೊಂಡು ಹೊರಟ. ಮೊದಲ ಸೇತುವೆ ದಾಟಿದ. ಎರಡನೆಯದು, ಅವನು ಅಂದುಕೊಂಡ ಜಾಗದಲ್ಲಿ ಇರಲಿಲ್ಲ. ಕಾರು ಸೈರನ್ ಸಮೇತ ಹೊಳೆಗೆ ಇಳಿಯಿತು. ನೀರಿನೊಳಗೂ ಅದು ಕೂಗುತ್ತಲೇ ಇತ್ತಂತೆ. ಅಂದಿನಿಂದ ನಮ್ಮ ಹೊಳೆಯ ಮೀನುಗಳು ಇಲ್ಲಿನ ರಸ್ತೆಯ ನಿಯಮದಂತೆ ಬಲಗಡೆಯಲ್ಲೇ ಈಜುತ್ತವೆ.

ಶೆರಿಫ್ ಮತ್ತೊಮ್ಮೆ ಚುನಾವಣೆಗೆ ನಿಂತಿದ್ದ ಕಾಲ ಅದು. ಇಡೀ ಕೌಂಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದವನು ಅವನೊಬ್ಬನೇ. ಕೋರ್ಟಿನಲ್ಲಿ ನ್ಯಾಯಾಧೀಶರು ಮೆಲುದನಿಯಲ್ಲಿ ಏನೇನೋ ಓದಿದರು: ಕೈದಿಗಳ ಜೊತೆ ರಸ್ತೆ ಅಗೆಯುವ ಶಿಕ್ಷೆ, ಬಿಟ್ಟ ಮೇಲೆ ಕೆಲವು ವರ್ಷ ಅಧಿಕಾರಿಯ ಮುಂದೆ ಹಾಜರಿ, ಇತ್ಯಾದಿ. ಹೆದರಿದ್ದ ಲಾಂಜೊನ ಕಿವಿಗೆ ಅರ್ಧವೂ ಬೀಳಲಿಲ್ಲ. ಅವನ ಕಿವಿಗೆ ಪೂರ್ತಿ ಬಿದ್ದದ್ದು, ಕೋರ್ಟಿನ ಮೆಟ್ಟಿಲ ಮೇಲೆ ಶೆರಿಫ್ ಬೆರಳು ಆಡಿಸುತ್ತ ಕೂಗಿದ ಒಂದೇ ಮಾತು:

“ನಾನು ಜೀವಂತ ಇರೋ ತನಕ ಈ ಕೌಂಟೀಲಿ ನೀನು ಓಟು ಹಾಕಲ್ಲ ಕಣೋ ಕಾಗ್ಡಿಲ್!”

ತೀರ್ಪು ಕೊಟ್ಟದ್ದು ಕೋರ್ಟು, ಕೂಗಿದ್ದು ಕೋರ್ಟಿನ ಮೆಟ್ಟಿಲ ಮೇಲೆ, ಕೂಗಿದವನ ಎದೆಯ ಮೇಲೆ ಸರ್ಕಾರದ ನಕ್ಷತ್ರದ ಬಿಲ್ಲೆ. ಲಾಂಜೊ ಅದನ್ನೂ ಶಿಕ್ಷೆಯ ಭಾಗವೆಂದೇ ನಂಬಿಬಿಟ್ಟ. ಜೈಲಿಗೆ ಹೋದವನಿಗೆ ಓಟಿಲ್ಲವೆಂದು ಜೊತೆಯ ಕೈದಿಗಳೂ ಹೇಳಿದರು. ಅಲ್ಲಿಗೆ ಸರಿಹೋಯಿತು. ಯಾರನ್ನಾದರೂ ಕೇಳಿ ನೋಡಬಹುದಿತ್ತಲ್ಲ ಎಂದರೆ, ಕೇಳಬೇಕಾದರೆ ಹಳೆಯ ಕಥೆ ತೆಗೆಯಬೇಕು. ನಮ್ಮ ಬೆಟ್ಟದವರು ಹಲ್ಲು ಕೀಳಿಸಿಕೊಳ್ಳಲೂ ತಯಾರು, ಹಳೆಯ ಅವಮಾನ ಕೆದಕಿಸಿಕೊಳ್ಳುವವರಲ್ಲ.

ಆರ್ವೆಲಾ ಅವನಿಗಾಗಿ ಕಾದಳು, ಮದುವೆಯಾದಳು. ಜೈಲಿನ ಕಥೆ ಅವಳಿಗೆ ಗೊತ್ತು. “ಆ ಸೈರನ್ ಕೇಳಿ ಯಾರ ಮನೆಗೋ ಬೆಂಕಿ ಬಿತ್ತು ಅನ್ಕೊಂಡೆ. ಬಿದ್ದಿದ್ದು ನನ್ನ ಮನೆಗೇ ಅಂತ ಗೊತ್ತಿರಲಿಲ್ಲ,” ಎಂದು ನಗುತ್ತಿದ್ದಳು. ಆದರೆ ಶೆರಿಫನ ಮಾತನ್ನು ಲಾಂಜೊ ಅವಳಿಗೂ ಹೇಳಿರಲಿಲ್ಲ. ಓಟಿನ ಮಾತು ಬಂದಾಗ, “ಸರ್ಕಾರಕ್ಕೂ ನನಗೂ ಆಗಿಬರಲ್ಲ ಬಿಡು,” ಎಂದು ಟ್ರಕ್ಕಿನಲ್ಲೇ ಕೂತುಬಿಡುತ್ತಿದ್ದ.

ಅವಳು ಒಳಗೆ ಹೋಗುವಳು. ಅವನು ಸ್ಟೇರಿಂಗಿನ ಮೇಲೆ ಗಲ್ಲ ಊರಿ ಶಾಲೆಯ ಬಾಗಿಲನ್ನು ನೋಡುತ್ತ ಕೂರುವನು. ಅವಳು ಚೀಟಿ ಅಂಟಿಸಿಕೊಂಡು ಬಂದು ಪಕ್ಕದಲ್ಲಿ ಕೂತದ್ದೇ ತಡ, ಏನೂ ಆಸಕ್ತಿ ಇಲ್ಲದವನಂತೆ ಕೇಳುವನು.

“ಒಳಗೆ ಹೇಗಿತ್ತು?”

“ಹೇಗಿರುತ್ತೆ? ಪರದೆ ಹಾಕಿರ್ತಾರೆ. ನೀಲಿ ಪಟ್ಟೆಯ ಪರದೆ. ಸರಿಸಿ ಒಳಗೆ ಹೋದ್ರೆ ಪ್ರಪಂಚವೇ ಹೊರಗೆ ಉಳೀತು ಅನ್ಸುತ್ತೆ. ಯಾರಿಗೆ ಹಾಕಿದೆ ಅಂತ ಅಧ್ಯಕ್ಷನೂ ಕೇಳೋ ಹಾಗಿಲ್ಲ, ಪಾದ್ರಿನೂ ಕೇಳೋ ಹಾಗಿಲ್ಲ.”

“ಗಂಡ?”

“ಗಂಡ ಮೊದಲೇ ಕೇಳೋ ಹಾಗಿಲ್ಲ. ಬಂದು ನೋಡಬಾರ್ದಾ ಲಾಂಜೊ? ಪಕ್ಕದ ಪರದೆ ಯಾವಾಗ್ಲೂ ಖಾಲಿ ಇರುತ್ತೆ.”

ಅವನು ಕೀಲಿ ತಿರುಗಿಸುವನು. ಟ್ರಕ್ಕು ಕೆಮ್ಮುವುದು. ಮಾತು ಅಲ್ಲಿಗೆ ಮುಗಿಯುವುದು. ಆದರೆ ಆ ನೀಲಿ ಪಟ್ಟೆಯ ಪರದೆ ಅವನ ಕಣ್ಣ ಮುಂದೆ ಮುಂದಿನ ಚುನಾವಣೆಯವರೆಗೂ ಆಡುತ್ತಿತ್ತು. ಸೌದೆ ಸೀಳುವಾಗ ನೆನಪಾಗುತ್ತಿತ್ತು. ಜೇನುಪೆಟ್ಟಿಗೆಯ ಮುಂದೆ ನಿಂತಾಗ ನೆನಪಾಗುತ್ತಿತ್ತು. ಒಮ್ಮೆ ಪಟ್ಟಣದ ಅಂಗಡಿಯಲ್ಲಿ ಅಂಥದೇ ಬಟ್ಟೆ ಕಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಬೆರಳಿನಿಂದ ಸರಿಸಿ ನೋಡಿದ್ದ. ಆಚೆ ಅಂಗಡಿಯವಳು ನಿಂತಿದ್ದಳು. “ಏನು ಬೇಕಿತ್ತು?” ಎಂದಳು. ಬೇಡದ ಒಂದು ಬಾಣಲೆ ಕೊಂಡುಕೊಂಡು ಬಂದ.

ಆರ್ವೆಲಾ ಕೊನೆಯ ಬಾರಿ ಓಟು ಹಾಕಿದ್ದು ಟ್ರಕ್ಕಿನಲ್ಲೇ ಕೂತು. ಇಳಿಯುವ ಶಕ್ತಿ ಇಲ್ಲದವರಿಗೆ ಚುನಾವಣಾ ಕಚೇರಿಯವರು ಮತಪತ್ರವನ್ನು ಗಾಡಿಯ ಹತ್ತಿರವೇ ತಂದುಕೊಡುತ್ತಾರೆ. ಅವಳು ಕಾಗದವನ್ನು ಡ್ಯಾಶ್‌ಬೋರ್ಡಿನ ಚೀಟಿಗಳ ಮೇಲಿಟ್ಟುಕೊಂಡು, ಹೆಸರುಗಳ ಮುಂದಿನ ಖಾಲಿ ವೃತ್ತಗಳನ್ನು ಪೆನ್ನಿನಿಂದ ತುಂಬುವಾಗ ಲಾಂಜೊ ಮುಖ ತಿರುಗಿಸಿ ಬೆಟ್ಟ ನೋಡುತ್ತಿದ್ದ. ಗುಟ್ಟು ಗುಟ್ಟೇ. ಪೆನ್ನು ಮುಚ್ಚಿದ ಮೇಲೆ ಅವಳು ಅಂದಳು:

“ಒಂದು ಸಲ ನಿನ್ನ ಪಕ್ಕ ನಿಂತ್ಕೊಂಡು ಹಾಕಬೇಕಿತ್ತು ಕಣೋ.”

ಅವನು ಬೆಟ್ಟವನ್ನೇ ನೋಡುತ್ತಿದ್ದ. ಆ ಬೆಟ್ಟದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅವಳು ತೀರಿಕೊಂಡ ಮೇಲೆ ಆಸೆ ಕಡಿಮೆಯಾಗಬೇಕಿತ್ತು. ಜಾಸ್ತಿಯಾಯಿತು. ಲಾಂಜೊಗೆ ಉಳಿದಿದ್ದ ದಾರಿ ಒಂದೇ: ಶೆರಿಫ್ ಸಾಯಬೇಕು. ಶೆರಿಫನಿಗೋ ಸಾಯುವ ಯೋಚನೆಯೇ ಇರಲಿಲ್ಲ. ಕೆಲಸ ಬಿಟ್ಟು ಎಷ್ಟೋ ಕಾಲವಾಗಿ, ತೊಂಬತ್ತು ದಾಟಿ, ಲಾಂಜೊನ ಮನೆಯ ಮೇಲಿನ ತಿರುವಿನಲ್ಲೇ ಒಬ್ಬಂಟಿಯಾಗಿದ್ದ. ಹೆಂಡತಿಯಿಲ್ಲ, ಮೊಣಕಾಲಿಗೆ ಬಲವಿಲ್ಲ, ಗಂಟಲು ಮಾತ್ರ ಹಾಗೇ ಇತ್ತು. ಅವನಿಗೆ ಸೌದೆ ತಂದು ಹಾಕುತ್ತಿದ್ದವನು ಲಾಂಜೊ. ಕೋಳಿ ಸಾರು ಕಾಯಿಸಿ ಒಯ್ಯುತ್ತಿದ್ದವನು ಲಾಂಜೊ. ಒಂದು ಚಳಿಗಾಲ ಶ್ವಾಸಕೋಶಕ್ಕೆ ಸೋಂಕು ತಗಲಿ ಮುದುಕ ಹೋಗಿಯೇಬಿಟ್ಟ ಎನ್ನುವಾಗ, ಹಿಮದಲ್ಲಿ ಟ್ರಕ್ಕಿಗೆ ಸರಪಳಿ ಬಿಗಿದು ಆಸ್ಪತ್ರೆಗೆ ಮುಟ್ಟಿಸಿ ಬದುಕಿಸಿದವನೂ ಲಾಂಜೊ. ಯಾರು ಸತ್ತರೆ ತನಗೆ ಓಟು ಬರುತ್ತದೋ ಅವನನ್ನು ಹೀಗೆ ಸಾರು ಕುಡಿಸಿ ಸಾಕಿದವನು ಚರಿತ್ರೆಯಲ್ಲಿ ಇನ್ನೊಬ್ಬನಿರಲಾರ. ಪ್ರತಿ ಬೆಳಗ್ಗೆ ಬಾಗಿಲು ತಟ್ಟುವಾಗ ಲಾಂಜೊನ ಎದೆ ಎರಡು ಹೋಳಾಗುತ್ತಿತ್ತು. ಒಳಗಿನಿಂದ “ಯಾವನೋ ಅವನು?” ಎಂಬ ಗುಡುಗು ಬಂದರೆ ಒಂದು ಹೋಳಿಗೆ ಸಮಾಧಾನ, ಇನ್ನೊಂದಕ್ಕೆ ನಿಟ್ಟುಸಿರು.

ಈ ಸಲದ ಚುನಾವಣೆಗೆ ಮೊದಲು ಹೊಳೆ ಉಕ್ಕಿ ಕಣಿವೆಯ ಶಾಲೆಯ ನೆಲವನ್ನೇ ಎತ್ತಿಕೊಂಡು ಹೋಯಿತು. ಮತಗಟ್ಟೆಯ ಮೇಜುಗಳು ಎರಡು ಕೌಂಟಿ ಕೆಳಗೆ ಸಿಕ್ಕವಂತೆ, ಕುರ್ಚಿ ಸಮೇತ. ಆದ್ದರಿಂದ ಮಡ್‌ಲಿಕ್‌ನವರೆಲ್ಲ ಪಟ್ಟಣದ ಕೋರ್ಟಿನ ಕಟ್ಟಡಕ್ಕೇ ಬಂದು ಮುಂಗಡವಾಗಿ ಓಟು ಹಾಕಬೇಕೆಂದು ಚುನಾವಣಾ ಕಚೇರಿ ಪ್ರಕಟಿಸಿತು. ಕಚೇರಿಯೆಂದರೆ ನೆಲಮಾಳಿಗೆಯ ಒಂದು ಕೋಣೆ, ಮತ್ತು ಟ್ವೈಲಾ ಮೆಸರ್. ಟ್ವೈಲಾ ಜನರನ್ನು ನೋಂದಾಯಿಸಲು ಕೂರದ ಜಾಗವಿಲ್ಲ: ಸೇಬಿನ ಸಂತೆ, ವೃದ್ಧಾಶ್ರಮ, ಫುಟ್ಬಾಲ್ ಮೈದಾನ, ಒಂದು ಸಲ ಶವಸಂಸ್ಕಾರದ ಊಟ. ಅಲ್ಲಿ ಸತ್ತವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ನೋಂದಾಯಿಸಿಕೊಂಡೇ ಎದ್ದಳಂತೆ. ಯಾರಿಗೆ ಗಾಡಿ ಬೇಕೆಂದು ಲಾಂಜೊಗೆ ಫೋನ್ ಮಾಡುವವಳೂ ಅವಳೇ. ಅವಳ ಅಜ್ಜಿಯನ್ನೂ ಅವನೇ ಮತಗಟ್ಟೆಗೆ ಒಯ್ದಿದ್ದ.

ಒಂದು ಮಂಜಿನ ಬೆಳಗ್ಗೆ ಲಾಂಜೊ ಶೆರಿಫನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಬಂದು ಕೋರ್ಟಿನ ಮುಂದೆ ನಿಲ್ಲಿಸಿದ. ಹಾರನ್ ಒತ್ತಿದ. ಟ್ವೈಲಾ ಕೋಟು ಬಿಗಿದುಕೊಂಡು ಹೊರಗೆ ಬಂದಳು. ಶೆರಿಫನ ಸಹಿ ಪಡೆದಳು, ಒಳಗೆ ಹೋಗಿ ಮತಪತ್ರ ತಂದುಕೊಟ್ಟಳು. ಅದರಲ್ಲಿ ಶೆರಿಫ್ ಜಾಗಕ್ಕೆ ನಿಂತವರ ಪೈಕಿ ಮುದುಕನ ಮೊಮ್ಮಗನ ಹೆಸರೂ ಇತ್ತು. ಲಾಂಜೊ ವಾಡಿಕೆಯಂತೆ ಬೆಟ್ಟ ನೋಡತೊಡಗಿದ.

“ಮಾಮ, ನಿಮ್ಮದು?” ಎಂದಳು ಅವಳು ಕಿಟಕಿಯಿಂದ.

“ನಮ್ಮ ಶಾಲೇಲೇ ಹಾಕ್ತೀನಮ್ಮ.”

“ಶಾಲೆ ಎಲ್ಲಿದೆ ಮಾಮ? ಹೊಳೇಲಿದೆ.”

“ಅಲ್ಲ, ಅದೇ... ಹೋದ ವಾರ ಇಲ್ಲೇ ಹಾಕಿದ್ನಲ್ಲ!”

“ಹೋದ ವಾರ ಬಾಗಿಲೇ ತೆಗೆದಿರಲಿಲ್ಲ.” ಅವಳು ನಕ್ಕಳು. “ವಯಸ್ಸಾಯ್ತು ನಿಮಗೆ. ಇರಿ, ನೋಡ್ಕೊಂಡು ಬರ್ತೀನಿ.”

“ಬೇಡ ಮಗಳೇ, ಚಳಿ ಇದೆ, ನೀನ್ಯಾಕೆ...” ಎನ್ನುವುದರೊಳಗೆ ಹೊರಟುಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಮುಖ ಮತಪತ್ರಕ್ಕಿಂತ ಬೆಳ್ಳಗಿತ್ತು.

“ಮಾಮ, ನಿಮ್ಮ ಹೆಸರು ಇಲ್ಲ. ಎಲ್ಲೂ ಇಲ್ಲ. ಹಳೇದ್ರಲ್ಲೂ ಇಲ್ಲ. ಇಷ್ಟು ವರ್ಷ ಓಟು ಹಾಕಿರೋರ ಹೆಸರು ನಮ್ಮ ಕಚೇರಿಯಿಂದ ಅಳಿಸಿ ಹೋಗಿದೆ ಅಂದ್ರೆ... ಏನೋ ದೊಡ್ಡ ತಪ್ಪಾಗಿದೆ ಮಾಮ. ರಾಜಧಾನಿಗೆ ಫೋನ್ ಮಾಡ್ತೀನಿ. ನನ್ನ ಕೆಲಸ ಹೋದ್ರೂ ಸರಿ, ಬಚ್ಚಿಡಲ್ಲ.”

ಲಾಂಜೊ ಸುಮ್ಮನಿರಬಹುದಿತ್ತು. “ಛೆ, ಎಂಥ ಕಚೇರಿ!” ಎಂದು ಕೀಲಿ ತಿರುಗಿಸಬಹುದಿತ್ತು. ಆದರೆ ಅವಳು ಮೂಗು ಕೆಂಪಾಗಿಸಿಕೊಂಡು ಚಳಿಯಲ್ಲಿ ನಿಂತಿದ್ದಳು, ಆಗಲೇ ಫೋನ್ ಕೈಗೆ ತೆಗೆದುಕೊಂಡಿದ್ದಳು.

“ಫೋನ್ ಇಡು ಮಗಳೇ,” ಎಂದ. “ಅಳಿಸಿ ಹೋಗಿಲ್ಲ. ಬರೆಸೇ ಇಲ್ಲ.”

“ಅಂದ್ರೆ?”

“ನಾನು ಓಟು ಹಾಕಿಲ್ಲ. ಯಾವತ್ತೂ.” ಹೆಬ್ಬೆರಳಿನಿಂದ ಪಕ್ಕಕ್ಕೆ ತೋರಿಸಿದ. “ಇವರು ಬದುಕಿರೋ ತನಕ ಹಾಕೋ ಹಾಗಿಲ್ಲ. ಕೋರ್ಟಿನ ಆಜ್ಞೆ.”

ಶೆರಿಫ್ ಮತಪತ್ರದಿಂದ ತಲೆ ಎತ್ತಿದ. “ಏನಂದೆ? ನಾನ್ಯಾಕೋ ನಡುವೆ?”

“ನೀವೇ ಅಲ್ವಾ ಹೇಳಿದ್ದು? ಇಲ್ಲೇ, ಈ ಮೆಟ್ಟಿಲ ಮೇಲೆ. ಕಾರು ಹೊಳೆಗೆ ಬಿದ್ದಾಗ.”

“ನಾನು ಹಾಗಂದ್ನಾ?”

“ಕೌಂಟಿಗೆಲ್ಲ ಕೇಳೋ ಹಾಗೆ.”

“ಥೂ ನಿನ್ನ! ಆ ವರ್ಷ ನಾನು ಅರ್ಧ ಕೌಂಟಿಗೆ ಹಾಗಂದಿದ್ದೆ ಕಣೋ! ನನ್ನ ಭಾಮೈದನಿಗೂ ಅಂದಿದ್ದೆ. ಅವನು ಮಾರನೇ ದಿನವೇ ಹೋಗಿ ನನ್ನ ವಿರುದ್ಧ ಓಟು ಹಾಕಿ ಬಂದ!” ಮುದುಕ ನಗಲು ಶುರುಮಾಡಿದ. ಟ್ರಕ್ಕು ಅಲುಗಾಡಿತು, ಕೋರ್ಟಿನ ಗೋಪುರದ ಪಾರಿವಾಳಗಳು ಎದ್ದು ಪಕ್ಕದ ರಾಜ್ಯಕ್ಕೆ ಹೋಗಿ ಕೂತವು. ನಕ್ಕು ನಕ್ಕು, ಇದ್ದಕ್ಕಿದ್ದಂತೆ ನಿಲ್ಲಿಸಿದ. ಲಾಂಜೊ ನಗುತ್ತಿರಲಿಲ್ಲ.

“ಲೋ,” ಎಂದ ಶೆರಿಫ್. ಅಷ್ಟು ಸಣ್ಣ ದನಿ ಅವನ ಹತ್ತಿರ ಇತ್ತೆಂಬುದೇ ಯಾರಿಗೂ ಗೊತ್ತಿರಲಿಲ್ಲ. “ಹಾಗಾದ್ರೆ ನೀನು ದಿನಾ ಬಂದು ಬಾಗಿಲು ತಟ್ತಿದ್ದು, ನಾನು ಸತ್ತಿದೀನಾ ಅಂತ ನೋಡೋಕಾ?”

“ಸಾರು ಕೊಡೋಕೂ ಹೌದು.”

ಟ್ವೈಲಾ ಕಿಟಕಿಗೆ ಕೈ ಊರಿದಳು. “ಮಾಮ, ಜೈಲಿಂದ ಬಂದ ಮೇಲೆ ನೀವು ಅಧಿಕಾರಿಯ ಮುಂದೆ ಕೊನೆಯ ಸಲ ಹಾಜರಿ ಹಾಕಿದ್ದು ಯಾವಾಗ?”

“ಮದುವೆಯಾದ ಹೊಸತರಲ್ಲಿ.”

“ಈ ರಾಜ್ಯದಲ್ಲಿ ಶಿಕ್ಷೆ ಮುಗಿದ ದಿನ ಓಟು ತಾನಾಗೇ ವಾಪಸ್ಸು ಬರುತ್ತೆ. ಯಾರ ಅಪ್ಪಣೆನೂ ಬೇಡ. ಹೆಸರು ನೋಂದಾಯಿಸಿದ್ರೆ ಸಾಕಿತ್ತು, ಮಾಮ. ಅಷ್ಟೇ ಇತ್ತು.”

ಲಾಂಜೊ ಸ್ಟೇರಿಂಗ್ ಹಿಡಿದು ಕೂತ. ಅಷ್ಟೇ ಇತ್ತು. ಆರ್ವೆಲಾ ಒಳಗೆ ಹೋಗಿ ಬಂದಾಗಲೆಲ್ಲ, ಪಕ್ಕದ ಪರದೆ ಖಾಲಿ ಇದೆ ಎಂದಾಗಲೆಲ್ಲ, ಇಳಿದು ಅವಳ ಹಿಂದೆ ನಡೆದುಬಿಟ್ಟಿದ್ದರೆ ಸಾಕಿತ್ತು. ಡ್ಯಾಶ್‌ಬೋರ್ಡಿನ ಚೀಟಿಗಳಲ್ಲಿ ಯಾವುದೋ ಪದರದ ಕೆಳಗೆ ಅವಳವೂ ಇದ್ದವು. ಅವನು ಅಂಗೈಯಿಂದ ಅದನ್ನೊಮ್ಮೆ ಸವರಿದ.

“ಈಗ ತಡವಾಯ್ತು ಬಿಡು,” ಎಂದ.

“ಏನು ತಡ? ಮುಂಗಡ ಓಟಿನ ದಿನಗಳಲ್ಲಿ ಇಲ್ಲೇ ನೋಂದಾಯಿಸಿ ಇಲ್ಲೇ ಓಟು ಹಾಕಬಹುದು. ಲೈಸೆನ್ಸ್ ಇದೆ ತಾನೆ, ಅದರಲ್ಲಿ ಈಗಿನ ವಿಳಾಸ ಇದೆ ತಾನೆ?”

“ಅದಿದೆ...”

“ಇಲ್ಲಿಗೇ ತಂದುಕೊಡಮ್ಮ ಅವನಿಗೆ,” ಎಂದ ಶೆರಿಫ್, “ಮನಸ್ಸು ಬದಲಾಯಿಸೋದ್ರೊಳಗೆ.”

“ಆಗಲ್ಲ. ಮಾಮನಿಗೆ ಕಾಲು ಗಟ್ಟಿ ಇದೆ. ಕಾಲು ಗಟ್ಟಿ ಇರೋರು ಒಳಗೇ ಬರಬೇಕು.”

ಲಾಂಜೊ ಇಳಿದ. ಟೋಪಿ ತೆಗೆದ, ಕೂದಲು ಒತ್ತಿಕೊಂಡ, ಅಂಗಿಯ ಕಾಲರ್ ಸರಿಮಾಡಿಕೊಂಡ; ಚರ್ಚಿನ ಸಹಭೋಜನಕ್ಕೆ ಹೊರಟ ಹುಡುಗನ ಹಾಗೆ. ಬಾಗಿಲ ತನಕ ನಡೆದ. ಬಾಗಿಲಲ್ಲಿ ಕಾಲು ತಾನಾಗೇ ನಿಂತಿತು, ಅಭ್ಯಾಸ. ಟ್ವೈಲಾ ತಿರುಗಿ ನೋಡಿದಳು, ಬಾಗಿಲನ್ನು ಹಿಡಿದು ನಿಂತಳು. ಅವನು ದಾಟಿದ.

ನೋಂದಣಿಯ ಕಾಗದಕ್ಕೆ ಸಹಿ ಹಾಕುವುದು ಕಷ್ಟವಾಗಲಿಲ್ಲ. ಮತಪತ್ರ ಕೈಗೆ ಬಂದಾಗ ಸುತ್ತ ನೋಡಿದ. ಮೇಜುಗಳ ಮೇಲೆ ರಟ್ಟಿನ ತಡಿಕೆಗಳು ನಿಂತಿದ್ದವು. ಅಷ್ಟೇ.

“ಪರದೆ ಎಲ್ಲಿ?”

“ಯಾವ ಪರದೆ, ಮಾಮ?”

“ನೀಲಿ ಪಟ್ಟೇದು.”

“ಅಯ್ಯೋ, ಅದನ್ನ ತೆಗೆದು ಯಾವ ಕಾಲ ಆಯ್ತು! ನಾನು ಶಾಲೆಗೆ ಹೋಗ್ತಿದ್ದಾಗಲೇ ಇರಲಿಲ್ಲ. ಯಾರು ಹೇಳಿದ್ದು ನಿಮಗೆ?”

ಲಾಂಜೊ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಪರದೆ ಹೋಗಿ ಎಷ್ಟೋ ಕಾಲವಾಗಿದ್ದರೂ ಆರ್ವೆಲಾ ಪ್ರತಿ ಚುನಾವಣೆಗೂ ಅದನ್ನು ಅವನಿಗಾಗಿ ಮತ್ತೆ ನೇತುಹಾಕುತ್ತಲೇ ಇದ್ದಳು. ಅವನು ಸುಳ್ಳು ಹೇಳಿ ಹೊರಗೆ ಕೂತಿದ್ದ. ಅವಳು ಸುಳ್ಳು ಹೇಳಿ ಒಳಗೆ ಕರೆಯುತ್ತಿದ್ದಳು.

ಜೋಡಿ ತಡಿಕೆಗಳಿದ್ದ ಮೇಜೊಂದನ್ನು ಆರಿಸಿಕೊಂಡ. ಒಂದರ ಮುಂದೆ ತಾನು ನಿಂತ, ಪಕ್ಕದ್ದು ಖಾಲಿ ಇತ್ತು. ಹಿಂದೆ ಸಾಲಿನಲ್ಲಿದ್ದವನೊಬ್ಬ ಅಲ್ಲಿಗೆ ಬರಹೊರಟಾಗ ಲಾಂಜೊ ತಲೆಯೆತ್ತಿ, “ಅದು ಬೇರೆಯವರದ್ದು,” ಎಂದ. ಟ್ವೈಲಾ ಆ ಮನುಷ್ಯನನ್ನು ಬೇರೆ ಮೇಜಿಗೆ ಕಳಿಸಿದಳು. ಲಾಂಜೊ ವೃತ್ತಗಳನ್ನು ಒಂದೊಂದಾಗಿ ತುಂಬಿದ, ಜೇನುಹುಳು ಗೂಡಿನ ಕೋಣೆಗೆ ಜೇನು ತುಂಬುವ ಹಾಗೆ. ಅಷ್ಟು ಹೊತ್ತಿನಲ್ಲಿ ಬೇರೆ ಕೌಂಟಿಗಳಲ್ಲಿ ಎಣಿಕೆಯೇ ಮುಗಿಯಬಹುದಿತ್ತು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಮತ ಎಣಿಸುವ ಯಂತ್ರ ಕಾಗದವನ್ನು ಎಳೆದುಕೊಂಡಿತು. ಸಣ್ಣದೊಂದು ಶಬ್ದ ಬಂತು, ಯಾರೋ ಪರದೆ ಸರಿಸಿದಂತೆ.

ಹೊರಗೆ ಬಂದಾಗ ಎದೆಯ ಮೇಲೆ ಚೀಟಿ ಇತ್ತು. ಡ್ಯಾಶ್‌ಬೋರ್ಡಿಗೆ ಹಚ್ಚಲಿಲ್ಲ. ಶೆರಿಫ್ ಬಹಳ ಹೊತ್ತು ಅವನ ಮುಖವನ್ನೇ ಓದಲು ನೋಡಿದ. ಏನೂ ಸಿಗಲಿಲ್ಲ. ತಡೆಯಲಾರದೆ ಕೇಳಿದ:

“ಲೋ, ಶೆರಿಫ್ ಜಾಗಕ್ಕೆ ಯಾರಿಗೆ ಹಾಕಿದೆ? ನಮ್ಮ ಮೊಮ್ಮಗನಿಗೆ ತಾನೆ?”

ಲಾಂಜೊ ಕೀಲಿ ತಿರುಗಿಸಿದ. ಟ್ರಕ್ಕು ಕೆಮ್ಮಿತು.

“ನೀವು ಜೀವಂತ ಇರೋ ತನಕ ಹೇಳಲ್ಲ, ಶೆರಿಫ್ರೇ.”